ನೂರಕ್ಕೆ ನೂರು ಹಾಜರಿ

ಜ್ಞಾನಕ್ಕೆ ಮಿತಿಯಿಲ್ಲ ಎಂದು ಹಿರಿಯರು ಹೇಳಿದ್ದಾರೆ. ನಮ್ಮ ವಿಶ್ವವಿದ್ಯಾಲಯದ ಲೆಕ್ಕದಲ್ಲಿ ಅದಕ್ಕೆ ಅರವತ್ತರ ಮಿತಿ ಇದೆ. ಅರವತ್ತೊಂದನೆಯವರು ಜ್ಞಾನ ಕೇಳಿಕೊಂಡು ಬಂದರೆ ಅವರ ಹೆಸರಿನ ಮೇಲೆ ಕೆಂಪು ಗೆರೆ ಬೀಳುತ್ತದೆ.

ಆ ಗೆರೆ ಎಳೆಯುವುದು ನನ್ನ ಕೆಲಸ. ವಿಜಯಪುರದಲ್ಲಿ, ಸೊಲ್ಲಾಪುರ ರಸ್ತೆಯ ಒಂದು ಬಾಡಿಗೆ ಕಟ್ಟಡದಲ್ಲಿರುವ ವಿಶ್ವವಿದ್ಯಾಲಯದ ಉಪಕಚೇರಿಯಲ್ಲಿ ನಾನು ಪ್ರವೇಶಾನುಮೋದನೆ ಶಾಖೆಯ ಅಧೀಕ್ಷಕ. ಕೆಳಗೆ ಟೈರ್ ಅಂಗಡಿ, ಮೇಲೆ ಉನ್ನತ ಶಿಕ್ಷಣ. ಟ್ರಸ್ಟಿನ ಕಾಲೇಜು, ಮಠದ ಕಾಲೇಜು, ಸಂಘದ ಕಾಲೇಜು, ಹೀಗೆ ಜಿಲ್ಲೆಯ ಎಲ್ಲ ಖಾಸಗಿ ಕಾಲೇಜುಗಳೂ ಪ್ರತಿವರ್ಷ ಯಾವ ಪದವಿಗೆ ಯಾರನ್ನು ಸೇರಿಸಿಕೊಂಡಿದ್ದೇವೆ ಎಂಬ ಪಟ್ಟಿಯನ್ನು ನಮಗೆ ಕಳಿಸುತ್ತವೆ. ಬಿ.ಎ.ಗೆ ಅರವತ್ತು ಎಂದು ಅನುಮತಿಯಿದ್ದರೆ ಅರವತ್ತು. ಒಬ್ಬರು ಹೆಚ್ಚಾದರೂ ಅವರ ಪ್ರವೇಶ ಅಸಿಂಧು.

ಒಂದು ಪಟ್ಟಿ ನೋಡಲು ನನಗೆ ಅರ್ಧ ನಿಮಿಷ ಸಾಕು. ಹೊಸಬರು ಮೊದಲ ಸಾಲಿನಿಂದ ಓದಲು ಕೂತು ಮೂರನೆಯ ಹಾಳೆಗೆ ಆಕಳಿಸುತ್ತಾರೆ. ನಾನು ಕೊನೆಯ ಹಾಳೆಯ ಕೊನೆಯ ನಂಬರು ನೋಡುತ್ತೇನೆ. ಮಿತಿಯೊಳಗಿದ್ದರೆ ಸಹಿ, ಮೀರಿದ್ದರೆ ಗೆರೆ. ಎತ್ತನ್ನು ಹಲ್ಲು ನೋಡಿ ಕೊಳ್ಳಬೇಕು, ಪಟ್ಟಿಯನ್ನು ಬಾಲ ನೋಡಿ ಒಪ್ಪಬೇಕು ಎಂದು ಶಾಖೆಗೆ ಬಂದವರಿಗೆಲ್ಲ ಉಪದೇಶ ಮಾಡಿದ್ದುಂಟು. ಅವರು ಬರೆದುಕೊಂಡದ್ದೂ ಉಂಟು.

ಆ ಸೋಮವಾರ ಟಿಕೋಟಾದಿಂದ ಒಬ್ಬ ಹುಡುಗಿ ತನ್ನ ತಂದೆಯ ಜೊತೆ ಬಂದು ನನ್ನ ಮೇಜಿನ ಮುಂದೆ ನಿಂತಳು. ತಂದೆ ಗೌಂಡಿ. ಬೆರಳ ಸಂದಿಯಲ್ಲಿ ಸಿಮೆಂಟು ಉಳಿದಿತ್ತು. ಆತ ಕೈ ಮುಗಿದ, ಆಕೆ ಮುಗಿಯಲಿಲ್ಲ.

"ಸರ್, ನನ್ನ ಬಿ.ಎ. ರಿಜಲ್ಟ್ ತಡದೀರಿ" ಎಂದಳು.

ನಮ್ಮ ಕಚೇರಿಗೆ ಬಂದವರು ಸಾಮಾನ್ಯವಾಗಿ 'ರಿಜಲ್ಟ್ ಬಂದಿಲ್ರಿ' ಎನ್ನುತ್ತಾರೆ, ಅದು ಮಳೆಯೋ ಬಸ್ಸೋ ಎಂಬಂತೆ. ಇವಳು ತಡೆದವರು ನೀವೇ ಎಂದಳು. ನನಗೆ ಆಗಲೇ ಸಂಶಯ ಹುಟ್ಟಿತು.

ತಂದೆ ನಡುವೆ ಬಂದ. "ಬಿ.ಇಡಿ. ಸೀಟ್ ಸಿಕ್ಕೈತ್ರಿ ಸಾಹೇಬ್ರ, ಇಲ್ಲೇ ಬಿಜಾಪುರದಾಗ. ಶನಿವಾರ ಕಡೀ ದಿನ ಐತಿ. ಪಾಸಾದ ಕಾಗದ ತರಲಿಲ್ಲಂದ್ರ ಮುಂದಿನವರಿಗೆ ಕೊಡ್ತೀವಿ ಅಂದಾರ."

ಕಂಪ್ಯೂಟರಿನಲ್ಲಿ ಆಕೆಯ ಹೆಸರು ತೆಗೆದೆ. ಬಬಲೇಶ್ವರದಾಚೆಯ ಒಂದು ಮಠದ ಕಾಲೇಜು. ಆರು ಸೆಮಿಸ್ಟರಿನ ಅಂಕಗಳೂ ಇದ್ದವು, ಎಲ್ಲವೂ ಪಾಸು. ಕೆಳಗೆ ಫಲಿತಾಂಶ ವಿಭಾಗದ ಶರಾ: 'ಕ್ರಮಸಂಖ್ಯೆ 61, ಮಿತಿ ಮೀರಿದ ಪ್ರವೇಶ, ಅನುಮೋದನೆ ನಿರಾಕರಿಸಿದೆ, ಪದವಿ ಕೊಡತಕ್ಕದ್ದಲ್ಲ.' ಮೂರು ವರ್ಷದ ಹಿಂದಿನ ಮೂಲ ಕಡತ ಬೇಕೆಂದು ರೆಕಾರ್ಡ್ ರೂಮಿಗೆ ಚೀಟಿ ಕಳಿಸಿದೆ. ಗುರುವಾರ ಸಿಗಬಹುದು ಎಂದು ಉತ್ತರ ಬಂತು.

ನನ್ನ ತಲೆ ತನ್ನ ಚಿರಪರಿಚಿತ ದಾರಿ ಹಿಡಿಯಿತು. ಮಿತಿ ಮೀರಿದ ಹುಡುಗಿ ಆರು ಸಲ ಪರೀಕ್ಷೆ ಹೇಗೆ ಬರೆದಳು? ಹಾಲ್ ಟಿಕೆಟ್ ಯಾರು ಕೊಟ್ಟರು? ಒಳಗಿನಿಂದ ಯಾರೋ ಬಾಗಿಲು ತೆಗೆದಿರಬೇಕು. ತೆಗೆದವರು ಧರ್ಮಾರ್ಥ ತೆಗೆಯುವುದಿಲ್ಲ.

ಉಪಕುಲಸಚಿವರು ನನಗಿಂತ ಹದಿನೈದು ವರ್ಷ ಚಿಕ್ಕವರು. ಅವರ ಮುಂದೆ ವಿಷಯ ಇಟ್ಟೆ. "ಹೋಗಿ ನೋಡ್ಕೊಂಡು ಬರ್ರಿ. ಗುರುವಾರ ವರದಿ ಕೊಡ್ರಿ" ಎಂದರು. "ನಿಮ್ಮಂಥಾವ್ರ ಹೋಗಬೇಕ್ರಿ ಇದಕ್ಕ. ನಿಮಗ ನಿಮ್ಮ ನೆರಳಿನ ಮ್ಯಾಲೂ ಭರೋಸಾ ಇಲ್ಲ."

ಅದನ್ನು ಪ್ರಶಂಸೆಯೆಂದೇ ಸ್ವೀಕರಿಸಿದೆ.

ಮಂಗಳವಾರ ಬೆಳಗ್ಗೆ ಬಸ್ಸಿನಲ್ಲಿ ಬಬಲೇಶ್ವರ, ಅಲ್ಲಿಂದ ಟಂಟಂ ಆಟೋ. ಮುಂಚೆ ತಿಳಿಸದೆ ಹೋಗುವುದು ನನ್ನ ಪದ್ಧತಿ. ಟಂಟಂ ಇಳಿಯುವಷ್ಟರಲ್ಲಿ ಪ್ರಾಚಾರ್ಯರು ಗೇಟಿನಲ್ಲಿ ನಿಂತಿದ್ದರು. ಅವರಿಗೆ ಯಾರು ಹೇಳಿದರೆಂಬುದು ನನಗೆ ಈಗಲೂ ಗೊತ್ತಾಗಿಲ್ಲ. ನನ್ನ ಕಚೇರಿಯ ಮೂವರ ಮೇಲೆ ಗುಮಾನಿ ಇದೆ.

ಕಾಲೇಜಿನ ಕಟ್ಟಡ ಸಾಧಾರಣ, ಹಲಗೆ ಭರ್ಜರಿ. ಬಿ.ಎ., ಬಿ.ಕಾಂ., ಬಿ.ಎಸ್.ಡಬ್ಲ್ಯೂ., ಬಿ.ಸಿ.ಎ. ಎಂದು ಒಂದರ ಕೆಳಗೊಂದು ಬರೆದು, ಇನ್ನೆರಡು ಪದವಿಗಳಿಗೆ ಕೆಳಗೆ ಜಾಗ ಬಿಟ್ಟಿದ್ದರು. ಪ್ರಾಚಾರ್ಯರ ಕೋಣೆಯಲ್ಲಿ ಶಾಲು, ತೆಂಗಿನಕಾಯಿ ಸಿದ್ಧವಾಗಿದ್ದವು. ತಪಾಸಣೆಗೆ ಬಂದವನು ಶಾಲು ಹೊದೆಯಬಾರದೆಂದು ನಿಯಮ ಹೇಳಿದೆ. ಅವರು ಬೇಸರಪಡದೆ ಒಂದು ತಟ್ಟೆ ಗೋಧಿ ಹುಗ್ಗಿ ತರಿಸಿದರು. ಅದೂ ಬೇಡವೆಂದೆ.

"ಇದು ತಿಂಡಿ ಅಲ್ರಿ, ಮಠದ ಪ್ರಸಾದ" ಎಂದರು.

ತಿಂಡಿಯಾಗಿದ್ದರೆ ಲಂಚ ಎನ್ನಬಹುದಿತ್ತು. ಪ್ರಸಾದಕ್ಕೆ ಸೇವಾ ನಿಯಮಾವಳಿಯಲ್ಲಿ ಕಲಮು ಇಲ್ಲ. ತಿಂದೆ. ಆದರೆ ಸಂಶಯದಿಂದ ತಿಂದೆ.

ಆಮೇಲೆ ಕಾಲೇಜಿನ ಗುಮಾಸ್ತ ರಜಿಸ್ಟರುಗಳನ್ನು ತಂದಿಟ್ಟ. ಐವತ್ತರ ಆಸುಪಾಸಿನ, ಹಣೆಗೆ ವಿಭೂತಿ ಧರಿಸಿದ, ಮಾತಿಗೊಮ್ಮೆ ಪೆನ್ನು ಕಿವಿಗೆ ಸಿಕ್ಕಿಸುವ ಮನುಷ್ಯ. ಕೇಳುವ ಮೊದಲೇ ಎಲ್ಲ ತಂದಿಟ್ಟದ್ದು ನನಗೆ ಹಿಡಿಸಲಿಲ್ಲ. ರಜಿಸ್ಟರು ನೋಡುವುದಕ್ಕೂ ಒಂದು ಕ್ರಮವಿದೆ. ಬರೆದದ್ದನ್ನು ಆಮೇಲೆ ನೋಡಬೇಕು. ಮೊದಲು ಹಾಳೆ ನೋಡಬೇಕು. ಮೂರು ವರ್ಷ ತಿರುವಿ ಹಾಕಿದ ಪುಸ್ತಕದ ಬಲಗಡೆಯ ಕೆಳಮೂಲೆ ಬೆರಳಿನ ಎಣ್ಣೆಗೆ ಕಪ್ಪಾಗಿರುತ್ತದೆ. ನಿನ್ನೆ ರಾತ್ರಿ ಕೂತು ಬರೆದ ಪುಸ್ತಕದಲ್ಲಿ ಆ ಮೂಲೆ ಮದುವೆಯ ಕರೆಯೋಲೆಯಂತಿರುತ್ತದೆ. ಇವರದು ಕಪ್ಪಾಗಿತ್ತು. ಶಾಯಿ ಮೂರು ಬಗೆಯದಾಗಿತ್ತು. ಹೊಲಿಗೆ ಹಳೆಯದು. ಅಂದರೆ ರಜಿಸ್ಟರು ಅಸಲಿ. ನನಗೆ ಸ್ವಲ್ಪ ನಿರಾಸೆಯಾಯಿತು.

ಆ ವರ್ಷದ ಬಿ.ಎ. ಪ್ರವೇಶ ಪುಟದ ಕೊನೆ ನೋಡಿದೆ. 61, ಟಿಕೋಟಾದ ಹುಡುಗಿ. ಇನ್ನು ಹಾಜರಿ ಪುಸ್ತಕ. ಹುಡುಗಿಯ ಹಾಜರಿ ಎಂಬತ್ತು ಚಿಲ್ಲರೆ, ಎಲ್ಲರಂತೆ. ಮೇಲೆ ಕಣ್ಣು ಹೋಯಿತು. ಕ್ರಮಸಂಖ್ಯೆ ಒಂದು. ಹಾಜರಿ ನೂರಕ್ಕೆ ನೂರು.

ಕಾಲೇಜಿಗೆ ಪ್ರಾಚಾರ್ಯರೂ ಅಷ್ಟು ಬರುವುದಿಲ್ಲ. ನೂರು ಹಾಜರಿಯ ವಿದ್ಯಾರ್ಥಿ ಎಂದರೆ ಶಾಸ್ತ್ರೋಕ್ತವಾಗಿ ಸಂಶಯಾಸ್ಪದ. ಎರಡನೆಯ ಸೆಮಿಸ್ಟರು ತೆಗೆದೆ: ನೂರು. ಮೂರು, ನಾಲ್ಕು, ಐದು, ಆರು: ನೂರು, ನೂರು, ನೂರು, ನೂರು. ಬಸ್ ಮುಷ್ಕರದ ದಿನವೊಂದಿತ್ತು. ಐವತ್ತೊಂಬತ್ತು ಗೈರು, ಒಬ್ಬ ಊರಿನವನು ಹಾಜರು. ಅವನ ಜೊತೆ ನಮ್ಮ ಒಂದನೇ ನಂಬರೂ ಹಾಜರು. ಆಂತರಿಕ ಅಂಕಗಳ ಪುಸ್ತಕ ತೆಗೆದೆ. ಒಂದನೇ ನಂಬರಿಗೆ ಅಂಕವೇ ಇಲ್ಲ. ಒಂದೇ ಒಂದು ಪರೀಕ್ಷೆಗೂ ಕೂತಿಲ್ಲ. ಪ್ರವೇಶ ಅರ್ಜಿಗೆ ಫೋಟೋ ಇಲ್ಲ, ಹುಟ್ಟಿದ ದಿನ ಇಲ್ಲ, ವಿಳಾಸದ ಜಾಗದಲ್ಲಿ 'ಇಲ್ಲಿಯೇ' ಎಂದು ಒಂದೇ ಶಬ್ದ. ಹೆಸರು ಮಾತ್ರ ನಮ್ಮ ಸೀಮೆಯಲ್ಲಿ ಹತ್ತು ಮನೆಗೊಬ್ಬರಿಗಿರುವಂಥದು.

ನಾನು ಕನ್ನಡಕ ಒರೆಸಿಕೊಂಡೆ. ಇಂಥ ಗಳಿಗೆ ಸೇವಾವಧಿಯಲ್ಲಿ ಒಮ್ಮೆ ಬರುತ್ತದೆ.

"ಈ ಒಂದನೇ ನಂಬರ್ ಹುಡುಗ ಎಲ್ಲಿ ಅದಾನ?" ಎಂದು ಗುಮಾಸ್ತನನ್ನು ಕೇಳಿದೆ.

"ಇಲ್ಲೇ ಅದಾರ್ರಿ."

"ಅವನ ಮೂರು ವರ್ಷ ಮುಗದಾವ. ಇನ್ನೂ ಇಲ್ಲೇ ಯಾಕ?"

"ಅವರು ಎಲ್ಲೂ ಹೋಗಂಗಿಲ್ರಿ."

"ಕರೀರಿ ನೋಡೋಣ."

ಗುಮಾಸ್ತ ಪೆನ್ನನ್ನು ಕಿವಿಗೆ ಸಿಕ್ಕಿಸಿದ. "ಕರದ್ರ ಬರಂಗಿಲ್ರಿ ಸಾಹೇಬ್ರ. ನಾವ ಹೋಗಬೇಕು."

ಇಷ್ಟು ಮರ್ಯಾದೆ ಯಾರಿಗೆ? ಆಡಳಿತ ಮಂಡಳಿಯ ಯಾವನೋ ದೊಡ್ಡಮನುಷ್ಯನ ಮಗನಿರಬೇಕು ಎಂದುಕೊಂಡು ಎದ್ದೆ. ಕಾಲೇಜಿನ ಹಿತ್ತಲ ಬಾಗಿಲಿನಿಂದ ಹೊರಟು, ಬೇವಿನ ಮರ ದಾಟಿ, ಮಠದ ಅಂಗಳಕ್ಕೆ ಬಂದೆವು. "ಕಾಲ್ಮರಿ ಬಿಡ್ರಿ" ಎಂದ. ಬಿಟ್ಟೆ. ಚಿಕ್ಕ ಕಲ್ಲಿನ ಗುಡಿಯೊಳಗೆ ಕರೆದುಕೊಂಡು ಹೋಗಿ ಸುಮ್ಮನೆ ನಿಂತ. ಎದುರಿಗೆ ಮಠದ ಮೂಲ ಗುರುಗಳ ಗದ್ದುಗೆ. ಮೇಲೆ ಬಿಲ್ವಪತ್ರೆ, ಮುಂದೆ ದೀಪ. ಅವರು ಲಿಂಗೈಕ್ಯರಾಗಿ ಎಷ್ಟು ತಲೆಮಾರಾಯಿತೋ ಅಲ್ಲಿ ಯಾರಿಗೂ ಖಚಿತವಿಲ್ಲ.

"ಇವರು?" ಎಂದೆ.

"ಇವರ್ರಿ."

ವಿಚಾರಣೆಗೆ ಬಂದವನು ಕೈ ಮುಗಿಯಬೇಕೋ ಹೇಳಿಕೆ ಪಡೆಯಬೇಕೋ ತೋಚಲಿಲ್ಲ. ಕೈ ಮುಗಿದೆ.

ಮರಳಿ ಬರುವಾಗ ಗುಮಾಸ್ತ ವಿವರಿಸಿದ. ಕಾಲೇಜು ತೆರೆದ ಮೊದಲ ವರ್ಷ ಅರ್ಜಿ ಇಟ್ಟುಕೊಂಡು ವಾರ ಕೂತರೂ ಒಬ್ಬರೂ ಬರಲಿಲ್ಲವಂತೆ. ಆಗಿನ ಸ್ವಾಮಿಗಳು ಒಂದು ಅರ್ಜಿ ತರಿಸಿ, ಮೂಲ ಗುರುಗಳ ಹೆಸರು ತುಂಬಿಸಿ, ರಜಿಸ್ಟರಿನ ಒಂದನೇ ನಂಬರಿಗೆ ಬರೆಸಿದರಂತೆ. ಮರುದಿನ ಮೂವರು ಬಂದರು. ಅಂದಿನಿಂದ ಪ್ರತಿವರ್ಷ, ಪ್ರತಿ ಪದವಿಗೆ, ಒಂದನೇ ನಂಬರು ಅವರದೇ.

"ದಾಸೋಹದಾಗ ಮೊದಲ ಎಡಿ ಅವರಿಗೆ, ಆಮ್ಯಾಲ ಮಂದಿಗಿ. ಪ್ರವೇಶಾನೂ ಹಂಗ್ರಿ. ಹಾಜರಿ ಕರೆಯೂ ಮುಂದ ಮಾಸ್ತರು 'ಒಂದ' ಅಂತಾರ. ಇಡೀ ಕ್ಲಾಸ್ ಕೂಡೇ 'ಅದಾರ' ಅಂತೈತಿ."

"ಆ ಮೊದಲನೇ ಎಡಿ ಆಮ್ಯಾಲ ಯಾರು ಉಣ್ತಾರ?"

"ಹಸದಾವ್ರ ಉಣ್ತಾರ್ರಿ. ಮತ್ಯಾರು?"

ನನಗೆ ಅಷ್ಟಕ್ಕೆ ಸಮಾಧಾನವಾಗಲಿಲ್ಲ. ಭಕ್ತಿಯ ಹಿಂದೆ ಏನಿದೆಯೆಂದು ನೋಡುವುದಕ್ಕೆ ನನಗೆ ಸಂಬಳ. ಗುರುಗಳ ಹೆಸರಿನಲ್ಲಿ ವಿದ್ಯಾರ್ಥಿವೇತನ ಬಂದಿದೆಯೇ? ಇಲ್ಲ. ಬಸ್ ಪಾಸ್? ಇಲ್ಲ. ಸರ್ಕಾರದ ಲ್ಯಾಪ್‌ಟಾಪ್? ಇಲ್ಲ. ಪ್ರಸಾದ ನಿಲಯದ ದಿನಸಿ? ಎರಡು ತಾಸು ಹುಡುಕಿದೆ, ಇಲ್ಲ. ಮೂರು ವರ್ಷ ತಪ್ಪದೆ ಬಂದು ಏನನ್ನೂ ತೆಗೆದುಕೊಳ್ಳದ ವಿದ್ಯಾರ್ಥಿಯನ್ನು ಯಾವ ಕಲಮಿನಲ್ಲಿ ಹಿಡಿಯುವುದು?

ಇನ್ನು ಉಳಿದದ್ದು ಒಂದೇ ಪ್ರಶ್ನೆ. "ವಿಶ್ವವಿದ್ಯಾಲಯಕ್ಕ ಪಟ್ಟಿ ಹೆಂಗ ಕಳಿಸೀರಿ?"

"ಎರಡು ಕಳಸ್ತೀವ್ರಿ. ಒಂದು ಆನ್‌ಲೈನ್, ಒಂದು ಕಾಗದ. ಆನ್‌ಲೈನ್‌ನ್ಯಾಗ ಗದ್ದುಗಿ ಅಪ್ಪಗೋಳ ಹೆಸರು ಹಿಡಿಯಂಗಿಲ್ರಿ. ಆಧಾರ್ ಕೇಳತೈತಿ. ಕಾಗದದಾಗೂ ಅವರನ್ನ ಬಿಟ್ಟು ಮಕ್ಕಳನ್ನ ಅಷ್ಟ ಬರದು ಕಳಸ್ತೀವಿ."

"ನಂಬರ್ ಯಾವುದು ಹಾಕ್ತೀರಿ?"

"ರಜಿಸ್ಟರ್‌ನ್ಯಾಗ ಇದ್ದದ್ದ ಹಾಕ್ತೀವಿ. ಎರಡರಿಂದ ಚಾಲೂ."

ಎರಡರಿಂದ ಅರವತ್ತೊಂದು. ಅರವತ್ತು ಮಕ್ಕಳು. ಯಂತ್ರ ತಲೆ ಎಣಿಸಿ ಹುಡುಗಿಗೆ ಹಾಲ್ ಟಿಕೆಟ್ ಕೊಟ್ಟಿತು. ಕಾಗದ ಕೊನೆಯ ನಂಬರು ತೋರಿಸಿ ಆಕೆಯ ಪದವಿ ತಡೆಯಿತು. ಹಿಂದಿನ ವರ್ಷಗಳಲ್ಲಿ ಈ ತೊಡಕು ಏಕೆ ಬರಲಿಲ್ಲವೆಂದರೆ ಆ ಕಾಲೇಜಿನ ಬಿ.ಎ. ಅದಕ್ಕೆ ಮುಂಚೆ ಎಂದೂ ತುಂಬಿರಲಿಲ್ಲ. ನಲವತ್ತಕ್ಕೆ ನಿಲ್ಲುತ್ತಿತ್ತು. ತುಂಬಿದ ಮೊದಲ ವರ್ಷವೇ ಕೊನೆಯವಳ ಕೊರಳಿಗೆ ಬಂತು.

ಉಪಕುಲಸಚಿವರಿಗೆ ಫೋನು ಮಾಡಿದೆ. ಅವರು ನಕ್ಕು, ಆಮೇಲೆ ಅಧಿಕಾರಿಯ ದನಿಯಲ್ಲಿ ಹೇಳಿದರು: "ಸುಲಭ ಐತ್ರಿ. ಒಂದನೇ ನಂಬರಿನ ವಿದ್ಯಾರ್ಥಿ ಅಸ್ತಿತ್ವದಾಗ ಇಲ್ಲ ಅಂತ ಆಡಳಿತ ಮಂಡಳಿ ಕಡಿಂದ ಬರಸ್ಕೊಂಡು ಬರ್ರಿ. ಮುಗೀತು."

ಮುಗಿಯಲಿಲ್ಲ. ಅಲ್ಲಿಂದ ಶುರುವಾಯಿತು.

ಆಡಳಿತ ಮಂಡಳಿಯ ಕಾರ್ಯದರ್ಶಿ ದ್ರಾಕ್ಷಿ ಬೆಳೆಯುವ, ಅಡತಿ ಅಂಗಡಿಯಿಟ್ಟಿರುವ ಹಿರಿಯರು. ಬಿಳಿ ಧೋತರ, ಬಿಳಿ ಟೋಪಿ, ಮೆತ್ತನೆಯ ಮಾತು. ನಾನು ಬರೆದಿಟ್ಟ ಒಕ್ಕಣೆಯನ್ನು ಎರಡು ಸಲ ಓದಿದರು. ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು.

"ಇದಕ್ಕ ನಾ ಸಹಿ ಮಾಡಂಗಿಲ್ರಿ."

"ಯಾಕ್ರಿ ಸಾವಕಾರ್ರ?"

"ಅಪ್ಪಗೋಳು ಇಲ್ಲ ಅಂತ ಬರದೀರಲ್ಲ."

"ಇಲ್ಲ ಅಂದ್ರ, ವಿದ್ಯಾರ್ಥಿ ಅಂತ ಇಲ್ಲ ಅಂತ."

"ಹಂಗ ಬರದಿಲ್ಲ. 'ಅಸ್ತಿತ್ವದಲ್ಲಿ ಇರುವುದಿಲ್ಲ' ಅಂತ ಬರದೀರಿ. ನಮ್ಮ ಅಪ್ಪ ಈ ಮಠದಾಗ ಕಸಾ ಹೊಡದಾನ. ನಾ ಮುಂಜಾನೆ ಎದ್ದು ಮೊದಲು ಅವರ ಹೆಸರ ತಗೋತೀನಿ. ಇಲ್ಲದವರ ಹೆಸರ ತಗೊಂಡನೇನು ಇಷ್ಟು ದಿನ?"

ಒಕ್ಕಣೆ ಬದಲಿಸಿದೆ. 'ಸದರಿ ವಿದ್ಯಾರ್ಥಿಯ ಹೆಸರನ್ನು ರಜಿಸ್ಟರಿನಿಂದ ಕಡಿಮೆ ಮಾಡಲಾಗಿದೆ' ಎಂದು.

"ಕಡಮಿ ಯಾರು ಮಾಡೂದ್ರಿ? ನಾನೇನು?"

"ಹಂಗಾರ ಟಿ.ಸಿ. ಕೊಟ್ಟೀವಿ ಅಂತ ಬರೀರಿ. ಕಾಲೇಜು ಬಿಟ್ಟು ಹೋದ್ರು ಅಂತ ಆಗತೈತಿ."

ಅವರು ನನ್ನನ್ನು ಕರುಣೆಯಿಂದ ನೋಡಿದರು. "ಅಪ್ಪಗೋಳಿಗೆ ಟಿ.ಸಿ. ನೀವ ಒಯ್ದು ಕೊಡ್ರಿ. ಅವರು ಕೈಯಾಗ ಹಿಡದ್ರ ನಾ ಸಹಿ ಮಾಡ್ತೀನಿ."

ಗುಮಾಸ್ತ ಮುಖ ಆಕಡೆ ತಿರುಗಿಸಿ ಕೆಮ್ಮಿದ.

"ಒಂದು ಹುಡುಗಿ ಜೀವನದ ಪ್ರಶ್ನೆ ಐತ್ರಿ" ಎಂದೆ. ಈ ವಾಕ್ಯವನ್ನು ಅದುವರೆಗೆ ಬೇರೆಯವರು ನನಗೆ ಹೇಳಿದ್ದರು; ನಾನು ಯಾರಿಗೂ ಹೇಳಿರಲಿಲ್ಲ.

"ಹುಡುಗಿ ಸಲುವಾಗಿ ಏನ್ ಬೇಕು ಅದನ್ನ ಬರದ ಕೊಡ್ತೀನಿ. ನಮ್ಮ ಕಾಲೇಜಿನಾಗ ಓದ್ಯಾಳ, ಶ್ಯಾಣ್ಯಾ ಅದಾಳ, ಅರವತ್ತರಾಗ ಒಬ್ಬಾಕಿ ಅದಾಳ. ಎಲ್ಲಾ ಬರೀತೀನಿ. ಇದೊಂದು ಬರಸಬ್ಯಾಡ್ರಿ. ಅಪ್ಪಗೋಳು ಇಲ್ಲಂತ ನಾ ಬರದ ದಿನ ಈ ಕಾಲೇಜಿನ ಬಾಗಲಾ ಹಾಕ್ರಿ."

ಟಂಟಂನಲ್ಲಿ ಮರಳುವಾಗ ನನ್ನ ಸಂಶಯ ಮತ್ತೆ ಚಿಗುರಿತು. ಇಷ್ಟು ಸಣ್ಣ ಕಾಗದಕ್ಕೆ ಇಷ್ಟು ಹಟ ಯಾಕೆ? ಹುಡುಗಿಯನ್ನು ಕೊನೆಗೆ ತಳ್ಳಿದ್ದೂ ಬೇಕಂತಲೇ ಇರಬಹುದೇ? ಮಠದ ಕಾಲೇಜು, ಬೇರೆ ಸಮಾಜದ ಹುಡುಗಿ. ಇಂಥದ್ದನ್ನು ಯಾರೂ ಬರೆದಿಡುವುದಿಲ್ಲ. ರಜಿಸ್ಟರಿನ ಕಪ್ಪು ಮೂಲೆಯೂ ಇದನ್ನು ಹೇಳುವುದಿಲ್ಲ. ಆಕೆಯ ಕಡೆಯ ಕಾಗದ ನೋಡಲೇಬೇಕೆಂದು ಬುಧವಾರ ಟಿಕೋಟಾಕ್ಕೆ ಹೋದೆ.

ಮನೆ ಅಥಣಿ ರಸ್ತೆಯಿಂದ ಒಳಗೆ, ತಂದೆ ತಾನೇ ಕಟ್ಟಿದ್ದು. ಊರಿಗೆಲ್ಲ ಗಿಲಾವು ಮಾಡಿದವನ ಮನೆಗೆ ಗಿಲಾವು ಆಗಿರಲಿಲ್ಲ. ಗೋಡೆಯ ಮೇಲೆ ಬುದ್ಧನ ಪಟ. ಹುಡುಗಿ ಮನೆಯಲ್ಲಿರಲಿಲ್ಲ, ಒಣದ್ರಾಕ್ಷಿ ಶೆಡ್ಡಿಗೆ ಕೆಲಸಕ್ಕೆ ಹೋಗಿದ್ದಳು. ತಂದೆ ಫೋನು ಮಾಡಿ ಕರೆಸಿದ. ಓಡುತ್ತ ಬಂದಳು. ಬೆರಳು ದ್ರಾಕ್ಷಿಯ ಅಂಟಿಗೆ ಹೊಳೆಯುತ್ತಿದ್ದವು. ಕೈ ತೊಳೆದು, ಒರೆಸಿಕೊಂಡು, ಆಮೇಲೆ ಕಾಗದದ ಚೀಲ ಮುಟ್ಟಿದಳು. ನಮ್ಮ ಶಾಖೆಯಲ್ಲಿ ಇಷ್ಟು ಶಿಸ್ತು ಇಲ್ಲ.

"ನೀ ಕೊನೀಗೆ ಯಾಕ ಸೇರಿದಿ ತಂಗಿ?" ಎಂದೆ.

"ಕೊನೀಗೆ ಅಲ್ರಿ ಸರ್. ನಾ ಮೊದಲನೇ ವಾರ ಹೋಗಿದ್ನಿ. ಜಾತಿ ಆದಾಯದ ಸರ್ಟಿಫಿಕೇಟ್ ಬರೂತನ ತಡಿ ಅಂದ್ರು. ಬಂತು. ಅಷ್ಟರಾಗ ಒಂದ ಸೀಟ್ ಉಳದಿತ್ತು."

"ಬೇರೆಯವರಿಗೂ ತಡಿ ಅಂದ್ರೇನು?"

ಆಕೆ ತಂದೆಯ ಮುಖ ನೋಡಿದಳು. ಆತ ಹೇಳಿದ: "ಅದನ್ನ ನಾವು ಹೆಂಗ ಹೇಳೂದ್ರಿ ಸಾಹೇಬ್ರ? ನಾವು ಬುದ್ಧಗ ನಡಕೊಳ್ಳಾವ್ರು. ಬಸ್ ನೇರ ಹೋಗತೈತಿ ಅಂತ ಮಠದ ಕಾಲೇಜಿಗೆ ಹಾಕಿದ್ವಿ. ಪಾಠ ಚಲೋ ಮಾಡ್ಯಾರ. ಸುಳ್ಳ ಹೇಳಬಾರ್ದು. ಉಳದದ್ದು ನೀವ ತಿಳ್ಕೋರಿ."

ನಾನು ತಿಳಿದುಕೊಂಡೆನೋ ಇಲ್ಲವೋ ಹೇಳಲಾರೆ. ಆ ಸಂಶಯ ನನ್ನಲ್ಲಿ ಹಾಗೆಯೇ ಉಳಿದಿದೆ. ಅದನ್ನು ಸ್ಥಾಪಿಸುವ ಕಾಗದವೂ ಸಿಗಲಿಲ್ಲ, ತೊಡೆಯುವ ಕಾಗದವೂ ಸಿಗಲಿಲ್ಲ.

ಒಂದನೇ ನಂಬರಿನ ಸಂಗತಿ ಹೇಳಿದೆ. ಆಕೆಗೆ ಗೊತ್ತಿತ್ತು. ಮೂರು ವರ್ಷ ಆಕೆಯೂ ಎಲ್ಲರ ಜೊತೆ 'ಅದಾರ' ಎಂದು ಕೂಗಿದವಳೇ.

"ಅಪ್ಪಗೋಳು ಕುಂಡ್ರಲಿ ಸರ್, ನಾ ಬ್ಯಾಡ ಅನ್ನಂಗಿಲ್ಲ. ನನ್ನ ಕುರ್ಚಿಮ್ಯಾಗ ಕುಂತದ್ದಕ್ಕ ಪರೀಕ್ಷಾ ಆದರೂ ಬರೀಬೇಕಿತ್ತು" ಎಂದಳು.

"ಹಂಗ ಅನಬಾರ್ದು ಬೇ" ಎಂದ ತಂದೆ. ಆದರೆ ನಗುತ್ತಿದ್ದ.

ಆಮೇಲೆ ಚೀಲದಿಂದ ಒಂದು ಜೆರಾಕ್ಸ್ ತೆಗೆದಳು. ಮೂರು ವರ್ಷದ ಹಿಂದೆ ಕಾಲೇಜಿನ ಹಲಗೆಗೆ ಹಚ್ಚಿದ್ದ ಅನುಮೋದನೆ ಪಟ್ಟಿಯ ಪ್ರತಿ. "ನಾ ಎಣಿಸೇನಿ ಸರ್. ಅರವತ್ತ ಹೆಸರು ಅದಾವ. ನಿಮ್ಮ ಆಫೀಸಿಗೆ ಎರಡು ಸಲ ಅರ್ಜಿ ಹಾಕೇನಿ. 'ಅರವತ್ತೊಂದನೇದು ಮಿತಿ ಮೀರಿದೆ' ಅಂತ ಎರಡೂ ಸಲ ಅದ ಉತ್ತರ. ಯಾರೂ ಎಣಿಸಲಿಲ್ಲ."

ಎಣಿಸಿದೆ. ಬೆರಳಿಟ್ಟು, ಒಂದೊಂದೇ. ಅರವತ್ತು. ಕೊನೆಯ ಹೆಸರಿನ ಮೇಲೆ ಗೆರೆ ಇತ್ತು. ಜೆರಾಕ್ಸಿನಲ್ಲಿ ಕೆಂಪು ಕಪ್ಪಾಗಿತ್ತು. ಗೆರೆಯ ತುದಿಗೆ ಚುಟುಕು ಸಹಿ.

"ಇದು ಯಾರ ಸಹಿ ಇದ್ದೀತು ಸರ್?" ಎಂದು ಕೇಳಿದಳು.

ಆ ಸಹಿಯನ್ನು ನಾನು ದಿನಕ್ಕೆ ನೂರು ಸಲ ಮಾಡುತ್ತೇನೆ.

"ನೋಡಬೇಕು" ಎಂದೆ. ಕಚೇರಿಯವರು ನಿಜ ಗೊತ್ತಿದ್ದಾಗ ಹೇಳುವ ಮಾತು ಅದು. ಆಕೆಯ ತಾಯಿ ಕೊಟ್ಟ ಚಹಾ ಕುಡಿಯದೆ ಏಳಲು ಆಗಲಿಲ್ಲ.

ಬಸ್ಸಿನಲ್ಲಿ ನನ್ನ ಮೇಲೆ ನಾನೇ ವಿಚಾರಣೆ ನಡೆಸಿದೆ. ಆರೋಪಿ ಹೇಳಿದ: ಆ ತಿಂಗಳು ನೂರಾರು ಪಟ್ಟಿಗಳಿದ್ದವು. ವಿಚಾರಣಾಧಿಕಾರಿ ಹೇಳಿದ: ಎಲ್ಲರೂ ಹಾಗೇ ಹೇಳುತ್ತಾರೆ. ಆರೋಪಿ ಹೇಳಿದ: ಎರಡರಿಂದ ಶುರುವಾಗುವ ಪಟ್ಟಿ ಲೋಕದಲ್ಲಿ ಇರುತ್ತದೆಂದು ಯಾರು ಊಹಿಸಿಯಾರು? ವಿಚಾರಣಾಧಿಕಾರಿ ಹೇಳಿದ: ಮೊದಲ ಸಾಲು ನೋಡಿದವರು.

ಗುರುವಾರ ಮೂಲ ಕಡತ ಬಂತು. ಗೆರೆ ಕೆಂಪಗೇ ಇತ್ತು. ಆಕೆಯ ಎರಡು ಅರ್ಜಿಗಳೂ ಅದರಲ್ಲಿದ್ದವು. ಎರಡರ ಮೇಲೂ 'ಹಿಂದಿನ ಆದೇಶದಂತೆ' ಎಂಬ ಶರಾ, ಅದೂ ನನ್ನದೇ ಅಕ್ಷರ. ಉಪಕುಲಸಚಿವರ ಕೋಣೆಗೆ ಹೋಗಿ ಬಾಗಿಲು ಮುಂದೆ ಮಾಡಿ ಎಲ್ಲ ಹೇಳಿದೆ. ಅವರು ಕಡತ ಮುಚ್ಚಿದರು.

"ನಿಮ್ಮ ಸರ್ವೀಸ್ ಎಷ್ಟು ಉಳದೈತಿ?"

"ಎಂಟು ತಿಂಗಳು."

"ಹಂಗಾರ ಸುಮ್ನ ಕಾಲೇಜಿನ ಮ್ಯಾಲ ಹಾಕ್ರಿ. ರಜಿಸ್ಟರಿನಾಗ ಬೋಗಸ್ ಹೆಸರ ಬರದಾರ, ಹಾಜರಿ ಹಾಕ್ಯಾರ. ಖರೇನ ಐತಲ್ಲ? ಸಮಿತಿಗೆ ಕಳಸೋಣು. ಮುಂದಿನ ತಿಂಗಳು ಸಭೆ ಐತಿ. ಹುಡುಗಿಗೆ ಆಗ ನ್ಯಾಯ ಸಿಗತೈತಿ."

"ಶನಿವಾರ ಕಡೀ ದಿನ ಐತ್ರಿ ಸರ್."

"ಬಿ.ಇಡಿ. ಮುಂದಿನ ವರ್ಷಾನೂ ಇರತೈತಿ."

ಅವರು ಕೆಟ್ಟವರಲ್ಲ. ನನ್ನ ನಿವೃತ್ತಿ ಕಾಗದಕ್ಕೆ ಕಲೆ ಬೀಳಬಾರದೆಂದು ಹೇಳಿದರು. ಅವರು ಹೇಳಿದ್ದರಲ್ಲಿ ಸುಳ್ಳೂ ಇರಲಿಲ್ಲ. ಬೋಗಸ್ ಹೆಸರು, ನೂರು ಹಾಜರಿ, ಎರಡೂ ರಜಿಸ್ಟರಿನಲ್ಲಿವೆ. ಎರಡು ದಿನದ ಹಿಂದೆ ನಾನೇ ಕನ್ನಡಕ ಒರೆಸಿಕೊಂಡು ಸಂಭ್ರಮಪಟ್ಟಿದ್ದೆ. ಅದನ್ನು ಬರೆದರೆ ಕಾಲೇಜಿಗೆ ನೋಟಿಸು ಹೋಗುತ್ತದೆ, ಕಾರ್ಯದರ್ಶಿಗಳು ಸಹಿ ಮಾಡುವುದಿಲ್ಲ, ಸಮಿತಿ ಮುಂದೂಡುತ್ತದೆ, ನಾನು ಹಾರ ಹಾಕಿಸಿಕೊಂಡು ಮನೆಗೆ ಹೋಗುತ್ತೇನೆ. ಹುಡುಗಿ ದ್ರಾಕ್ಷಿ ಆರಿಸುತ್ತಾಳೆ.

ನಿಯಮಾವಳಿ ತೆಗೆದು ಕೂತೆ. ಕಾಲೇಜಿನ ತಪ್ಪಾದರೆ ಸಮಿತಿ, ಅದು ಸರಿ. ಆದರೆ ಇನ್ನೊಂದು ಕಲಮಿದೆ: ಕಚೇರಿಯದೇ ಲೇಖನ ದೋಷವಾದರೆ, ದೋಷ ಮಾಡಿದ ಶಾಖೆ ಅದನ್ನು ಲಿಖಿತವಾಗಿ ಒಪ್ಪಿಕೊಂಡರೆ, ಉಪಕುಲಸಚಿವರು ಅದೇ ದಿನ ತಿದ್ದಬಹುದು. ಇದಕ್ಕೆ ಕಾರ್ಯದರ್ಶಿಗಳ ಸಹಿ ಬೇಡ. ಗುರುಗಳು ಇದ್ದಾರೋ ಇಲ್ಲವೋ ಎಂದು ಯಾರೂ ಬರೆದು ಕೊಡಬೇಕಾಗಿಲ್ಲ. ಪಟ್ಟಿಯಲ್ಲಿ ಅರವತ್ತು ಹೆಸರಿದ್ದವು, ಶಾಖೆ ಎಣಿಸಲಿಲ್ಲ, ಅಷ್ಟು ಸಾಕು. ಇಡೀ ಸೇವಾವಧಿಯಲ್ಲಿ ಆ ಕಲಮನ್ನು ಯಾರೂ ಬಳಸಿದ್ದು ನಾನು ಕಂಡಿರಲಿಲ್ಲ. ಒಪ್ಪಿಕೊಳ್ಳುವ ಶಾಖೆ ಸಿಕ್ಕಿರಲಿಲ್ಲ.

ನಾನು ಅದನ್ನು ಪ್ರಾಮಾಣಿಕತೆಯಿಂದ ಆರಿಸಿದೆ ಎಂದರೆ ಓದುವವರು ಸಂಶಯಪಡಬೇಕು, ನನಗೂ ಸಂಶಯವಿದೆ. ಮೂವತ್ತು ವರ್ಷ ಬೇರೆಯವರ ರಜಿಸ್ಟರಿನಲ್ಲಿ ತಪ್ಪು ಹುಡುಕಿದವನಿಗೆ, ಕೊನೆಗೆ ಒಂದು ನಿರ್ವಿವಾದವಾದ ತಪ್ಪು ಸಿಕ್ಕಿತ್ತು. ಅದನ್ನು ದಾಖಲಿಸದೆ ಬಿಡಲು ಕೈ ಒಪ್ಪಲಿಲ್ಲ ಎಂದರೆ ಹೆಚ್ಚು ಸರಿಯಾದೀತು. ಚಹಾ ಕೊಟ್ಟ ಮನೆಯ ಗಿಲಾವಿಲ್ಲದ ಗೋಡೆಯೂ ಕಣ್ಣ ಮುಂದೆ ಬಂದದ್ದುಂಟು.

ಟಿಪ್ಪಣಿ ಬರೆದೆ. 'ಪಟ್ಟಿಯ ಹೆಸರುಗಳನ್ನು ಎಣಿಸದೆ ಕೊನೆಯ ಕ್ರಮಸಂಖ್ಯೆಯನ್ನೇ ಸಂಖ್ಯೆಯೆಂದು ತಿಳಿದು ನಾನು ಮಾಡಿದ ದೋಷ' ಎಂದು ಒಪ್ಪಿಕೊಂಡು ಪೂರ್ತಿ ಹೆಸರು ಹಾಕಿದೆ, ಚುಟುಕು ಸಹಿಯಲ್ಲ.

ಉಪಕುಲಸಚಿವರು ಓದಿದರು. "ಒಂದನೇ ನಂಬರ್ ಬಗ್ಗೆ ಏನೂ ಬರದಿಲ್ಲಲ್ರಿ?"

"ಬರದೇನ್ರಿ, ಕೆಳಗ."

ಕೆಳಗೆ ಒಂದು ಸಾಲಿತ್ತು: 'ಕ್ರಮಸಂಖ್ಯೆ ಒಂದರವರು ಪರೀಕ್ಷೆಗೆ ನೋಂದಾಯಿಸಿಕೊಂಡಿರುವುದಿಲ್ಲ.'

"ಅದಾರೋ ಇಲ್ಲೋ ಅಂತ ನಾಳೆ ಯಾರರ ಕೇಳಿದ್ರ?"

"ಪರೀಕ್ಷೆಗೆ ಬಂದಿಲ್ಲ ಅಂತ ಹೇಳ್ರಿ ಸರ್. ಅಷ್ಟು ಮಾತ್ರ ನಮ್ಮ ಕಚೇರಿಗೆ ಗೊತ್ತು."

ಅವರು ಪೆನ್ನಿನ ಟೊಪ್ಪಿಗೆ ತೆಗೆದರು. "ನಿಮಗ ನೋಟಿಸ್ ಕೊಡಬೇಕಾಗತೈತಿ. ನನ್ನ ಕೈಲೇನ."

"ಕೊಡ್ರಿ. ಒಕ್ಕಣಿ ತಪ್ಪಿದ್ರ ತಿದ್ದಿ ಕೊಡ್ತೀನಿ."

ಅವರು ಸಹಿ ಮಾಡಿದರು.

ಶುಕ್ರವಾರ ಮಧ್ಯಾಹ್ನ ಹುಡುಗಿಯ ಫಲಿತಾಂಶ ಪ್ರಕಟವಾಯಿತು: ಪ್ರಥಮ ದರ್ಜೆ. ಸಂಜೆ ತಂದೆ ಮಗಳು ಬಂದು ತಾತ್ಕಾಲಿಕ ಪದವಿ ಪ್ರಮಾಣಪತ್ರ ತೆಗೆದುಕೊಂಡು ಹೋದರು. ಹೋಗುವಾಗ ಆಕೆ ಅದರಲ್ಲಿನ ಸಹಿಯನ್ನು ಬೆಳಕಿಗೆ ಹಿಡಿದು ನೋಡಿದಳು, ಅದು ಉಪಕುಲಸಚಿವರದು. ನಾನು ನನ್ನ ಮೇಜಿನಲ್ಲಿದ್ದೆ. ಆಕೆ ನನ್ನ ಕಡೆ ನೋಡಿ ತಲೆಯಾಡಿಸಿದಳು. ಗೊತ್ತಾಗಿತ್ತೋ ಇಲ್ಲವೋ ನಾನು ಕೇಳಲಿಲ್ಲ.

ಶನಿವಾರ ಆಕೆ ವಿಜಯಪುರದ ಕಾಲೇಜಿನಲ್ಲಿ ಬಿ.ಇಡಿ.ಗೆ ಸೇರಿದಳು. ಸೋಮವಾರ ನನಗೆ ಕಾರಣ ಕೇಳುವ ನೋಟಿಸು ಬಂತು. ತಪ್ಪು ನನ್ನದೇ ಎಂದು ಉತ್ತರಿಸಿದೆ. ಒಂದು ವಾರ್ಷಿಕ ವೇತನ ಬಡ್ತಿ ತಡೆಹಿಡಿಯಲಾಯಿತು.